ಉರುಳಿಸಿದಾಗ ಕುಣಿಯುವ ಕ್ಯೂ: ಮರ ಸೊಟ್ಟಗಾಗಿದೆ ಎನ್ನುವ ಮೊದಲು

ಪ್ರಶ್ನೆ: ನನ್ನ ಬಳಿ ಮೇಪಲ್ ಮರದ, ಎರಡು ತುಂಡುಗಳಾಗಿ ಬಿಚ್ಚಬಹುದಾದ ಪೂಲ್ ಕ್ಯೂ (ಚೆಂಡನ್ನು ಹೊಡೆಯುವ ಕೋಲು) ಇದೆ. ಕೊಂಡು ಮೂರು ವರ್ಷಗಳಾದವು. ವಾರದಲ್ಲಿ ಮೂರು ದಿನವಾದರೂ ಆಡುತ್ತೇನೆ. ಆಟ ಮುಗಿದ ಮೇಲೆ ಹೆಚ್ಚಿನ ಸಲ ಕಾರಿನ ಡಿಕ್ಕಿಯಲ್ಲೇ ಬಿಟ್ಟಿರುತ್ತೇನೆ. ಈಗ ಶಾಫ್ಟ್ (ಕ್ಯೂವಿನ ಮುಂದಿನ ತೆಳು ತುಂಡು) ನೀಲಿ ಬೆರೆತ ಬೂದು ಬಣ್ಣಕ್ಕೆ ತಿರುಗಿ ಕೈಗೆ ಅಂಟುತ್ತದೆ. ತುದಿಯಿಂದ ಒಂದು ಗೇಣು ಕೆಳಗೆ ಸಣ್ಣ ನೆಗ್ಗು ಬಿದ್ದಿದ್ದು, ಪ್ರತಿ ಹೊಡೆತದಲ್ಲೂ ಬೆರಳಿಗೆ ತಾಗುತ್ತದೆ. ಮಿಸ್‌ಕ್ಯೂ (ಹೊಡೆಯುವಾಗ ಕ್ಯೂವಿನ ತುದಿ ಚೆಂಡಿನ ಮೇಲೆ ಜಾರುವುದು) ಕೂಡ ಹೆಚ್ಚಾಗಿದೆ. ಎಲ್ಲಕ್ಕಿಂತ ದೊಡ್ಡ ಚಿಂತೆಯೆಂದರೆ, ಜೋಡಿಸಿದ ಕ್ಯೂವನ್ನು ಮೇಜಿನ ಮೇಲೆ ಉರುಳಿಸಿದರೆ ಕುಣಿಯುತ್ತದೆ. ಜೊತೆಯಲ್ಲಿ ಆಡುವವರಲ್ಲಿ ಒಬ್ಬರು ಉಪ್ಪುಕಾಗದ ಹಾಕಿ ಉಜ್ಜು ಎನ್ನುತ್ತಾರೆ, ಇನ್ನೊಬ್ಬರು ಮರಕ್ಕೆ ಎಣ್ಣೆ ಕುಡಿಸು ಎನ್ನುತ್ತಾರೆ, ಮತ್ತೊಬ್ಬರು ಗೋಡೆಗೆ ಒರಗಿಸಿಟ್ಟಿದ್ದರಿಂದಲೇ ಸೊಟ್ಟಗಾಗಿದೆ, ಬಿಸಿ ಮಾಡಿ ನೆಟ್ಟಗೆ ಮಾಡಿಸು ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಮಾಡಲಿ? ಅಥವಾ ಹೊಸ ಕ್ಯೂವನ್ನೇ ಕೊಳ್ಳಬೇಕೆ?

ಉತ್ತರ: ನಿಮ್ಮ ದೂರುಗಳು ನಾಲ್ಕು: ಕೊಳೆ, ನೆಗ್ಗು, ಮಿಸ್‌ಕ್ಯೂ, ಕುಣಿತ. ನಾಲ್ಕೂ ಒಟ್ಟಿಗೆ ಕಾಣಿಸಿಕೊಂಡಿರುವುದರಿಂದ ಕ್ಯೂವೇ ಕೆಟ್ಟುಹೋಗಿದೆ ಎಂದು ನಿಮಗೆ ಅನ್ನಿಸಿರುವುದು ಸಹಜ. ಆದರೆ ಇವುಗಳ ಕಾರಣಗಳು ಬೇರೆ ಬೇರೆ, ಮತ್ತು ನೀವು ಬರೆದಿರುವುದನ್ನು ನೋಡಿದರೆ ಮೊದಲ ಮೂರು ಮನೆಯಲ್ಲೇ ಸರಿಹೋಗುವಂಥವು. ನಾಲ್ಕನೆಯದರ ಬಗ್ಗೆ ಮಾಡಬೇಕಾದ ಒಂದು ಪರೀಕ್ಷೆ ಇನ್ನೂ ಬಾಕಿ ಇದೆ. ಅದು ಮುಗಿಯುವವರೆಗೆ ಉಪ್ಪುಕಾಗದವನ್ನಾಗಲಿ ಎಣ್ಣೆಯನ್ನಾಗಲಿ ಬಿಸಿಯನ್ನಾಗಲಿ ಕ್ಯೂವಿನ ಹತ್ತಿರ ತರಬೇಡಿ. ದುರಸ್ತಿಗೆಂದು ನನ್ನ ಕೈಗೆ ಬಂದ ಶಾಫ್ಟ್‌ಗಳಲ್ಲಿ ಆಟದಿಂದ ಸವೆದವುಗಳಿಗಿಂತ ಆರೈಕೆಯಿಂದ ಸವೆದವೇ ಹೆಚ್ಚು.

ಕುಣಿತದಿಂದಲೇ ಆರಂಭಿಸೋಣ. ಕ್ಯೂವನ್ನು ಉರುಳಿಸಿ ನೋಡುವ ಪದ್ಧತಿ ಎಲ್ಲ ಕಡೆಯೂ ಇದೆ, ಆದರೆ ಅದು ಹೇಳುವುದನ್ನು ಸರಿಯಾಗಿ ಓದುವವರು ಕಡಿಮೆ. ಕ್ಯೂ ಉದ್ದಕ್ಕೂ ಒಂದೇ ದಪ್ಪದ ಕೋಲಲ್ಲ. ಬಟ್, ಅಂದರೆ ಕೈಯಲ್ಲಿ ಹಿಡಿಯುವ ಹಿಂದಿನ ತುಂಡು, ಬುಡದಲ್ಲಿ 30 ಮಿ.ಮೀ.ಗಿಂತ ತುಸು ಹೆಚ್ಚು ದಪ್ಪವಿರುತ್ತದೆ; ಟಿಪ್‌ನ (ಮುಂತುದಿಯ ಚರ್ಮದ ಬಿಲ್ಲೆ) ಬಳಿ ಬರುವಷ್ಟರಲ್ಲಿ ಕ್ಯೂವಿನ ದಪ್ಪ 13 ಮಿ.ಮೀ.ಯ ಆಸುಪಾಸಿಗೆ ಇಳಿದಿರುತ್ತದೆ. ಇಳಿಯುವಾಗಲೂ ಒಂದೇ ಪ್ರಮಾಣದಲ್ಲಿ ಇಳಿಯದೆ, ಹೆಚ್ಚಿನ ಶಾಫ್ಟ್‌ಗಳಲ್ಲಿ ಮುಂಭಾಗದ ಒಂದಡಿಯಷ್ಟು ಜಾಗ ಬಹುಮಟ್ಟಿಗೆ ಸಮದಪ್ಪವಾಗಿರುತ್ತದೆ. ಹೀಗಾಗಿ ಯಾವ ದೋಷವೂ ಇಲ್ಲದ ಕ್ಯೂ ಕೂಡ ಎರಡು ತುದಿಗಳ ಬಳಿ ಮೇಜನ್ನು ಮುಟ್ಟಿ, ನಡುವೆ ಬೆಳಕು ತೂರುವಷ್ಟು ಸಂದು ಬಿಡುತ್ತದೆ. ಸಂದು ಇರುವುದು ದೋಷವಲ್ಲ, ಕ್ಯೂ ಉರುಳುವಾಗ ಆ ಸಂದು ಹಿಗ್ಗಿ ಕುಗ್ಗಿ ಆಗುತ್ತಿದ್ದರೆ ಮಾತ್ರ ದೋಷವಿದೆ ಎಂದರ್ಥ. ಈ ಪರೀಕ್ಷೆಗೆ ಪೂಲ್ ಮೇಜಿನ ಬಟ್ಟೆಗಿಂತ ದಪ್ಪ ಗಾಜಿನ ಹಲಗೆ ಅಥವಾ ನಯವಾದ ಕಲ್ಲಿನ ಹಾಸು ಒಳ್ಳೆಯದು, ಏಕೆಂದರೆ ಬಟ್ಟೆಯ ಮೇಲೆ ಬಿದ್ದಿರುವ, ಟಿಪ್‌ಗೆ ಹಚ್ಚುವ ಚಾಕ್‌ನ ಒಂದು ಕಾಳು ಸಾಕು ನಿಮ್ಮನ್ನು ದಾರಿ ತಪ್ಪಿಸಲು.

ಈಗ ಬಾಕಿ ಇರುವ ಪರೀಕ್ಷೆ. ಕ್ಯೂವನ್ನು ಬಿಚ್ಚಿ, ಶಾಫ್ಟನ್ನು ಪ್ರತ್ಯೇಕವಾಗಿ ಉರುಳಿಸಿ ನೋಡಿ. ಬಟ್‌ನ ಜಾಯಿಂಟ್ ಪಿನ್ನು (ಎರಡು ತುಂಡುಗಳನ್ನು ಕೂಡಿಸುವ ತಿರುಪು) ಹಾಸಿನ ಅಂಚಿನಿಂದ ಹೊರಗೆ ಚಾಚಿಕೊಳ್ಳುವಂತೆ ಇಟ್ಟು ಅದನ್ನೂ ಉರುಳಿಸಿ. ಎರಡೂ ತಮ್ಮಷ್ಟಕ್ಕೆ ನೆಟ್ಟಗೆ ಉರುಳಿ, ಜೋಡಿಸಿದಾಗ ಮಾತ್ರ ಕುಣಿದರೆ ಮರ ಸೊಟ್ಟಗಾಗಿಲ್ಲ. ದೋಷ ಇರುವುದು ಜಾಯಿಂಟ್‌ನಲ್ಲಿ. ಜಾಯಿಂಟ್‌ನ ಮುಖಗಳ ನಡುವೆ ಸೇರಿಕೊಂಡ ಕೊಳೆ ಎಷ್ಟು ದೊಡ್ಡ ಮೋಸ ಮಾಡಬಲ್ಲದು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸಾಮಾನ್ಯವಾಗಿ ಆ ಮುಖದ ವ್ಯಾಸ ಸುಮಾರು 21 ಮಿ.ಮೀ., ಶಾಫ್ಟ್‌ನ ಉದ್ದ ಸುಮಾರು 735 ಮಿ.ಮೀ. ಮುಖದ ಒಂದು ಅಂಚಿನಲ್ಲಿ ಕಾಗದದ ದಪ್ಪದಷ್ಟು, ಅಂದರೆ 0.1 ಮಿ.ಮೀ. ಮೇಣವೋ ಚಾಕ್ ಪುಡಿಯೋ ಗಟ್ಟಿಯಾಗಿ ಕೂತಿದ್ದರೂ, ಆ ಓರೆ ಟಿಪ್‌ನ ಬಳಿ ತಲುಪುವಷ್ಟರಲ್ಲಿ ಮೂರೂವರೆ ಮಿಲಿಮೀಟರ್ ಆಗಿರುತ್ತದೆ. ಕಣ್ಣಿಗೆ ಅದು ಥೇಟ್ ಸೊಟ್ಟಗಾದ ಕ್ಯೂ. ಎರಡು ಸಲ ಬಿಸಿ ಮಾಡಿ ನೆಟ್ಟಗೆ ಮಾಡಿಸಿದರೂ ಕುಣಿತ ನಿಲ್ಲಲಿಲ್ಲ ಎಂದು ಒಮ್ಮೆ ಒಬ್ಬರು ಕ್ಯೂ ತಂದುಕೊಟ್ಟಿದ್ದರು. ದೀಪದ ಕೆಳಗೆ ಹಿಡಿದು ನೋಡಿದರೆ ಬಟ್‌ನ ಜಾಯಿಂಟ್ ಮುಖದ ಮೇಲೆ, ಪಿನ್ನಿನ ಒಂದು ಪಕ್ಕಕ್ಕೆ, ಬಿದಿಗೆ ಚಂದ್ರನ ಆಕಾರದಲ್ಲಿ ಮೇಣದ ಗೆರೆಯೊಂದು ಗಾಜಿನಂತೆ ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ತೆಗೆಯಲು ಎರಡು ನಿಮಿಷವೂ ಹಿಡಿಯಲಿಲ್ಲ.

ನೀವೂ ಅದನ್ನೇ ಮಾಡಿ. ಒಣ ಬ್ರಷ್‌ನಿಂದ ಪಿನ್ನಿನ ಸುರುಳಿಗಳನ್ನೂ ಎರಡು ಮುಖಗಳನ್ನೂ ಉಜ್ಜಿ, ಬಟ್ಟೆಯ ಅಂಚಿನಿಂದ ಒರೆಸಿ. ಮುಖವನ್ನು ಚಾಕುವಿನಿಂದ ಕೆರೆಯಬೇಡಿ, ಅಲ್ಲಿ ಬೀಳುವ ಗೀರೂ ಹೊಸ ಓರೆಗೆ ಕಾರಣವಾಗುತ್ತದೆ. ಜೋಡಿಸುವಾಗ ಎರಡು ಮುಖಗಳು ಕೂಡಿಕೊಂಡ ಮೇಲೆ ಒಂದು ಸಣ್ಣ ತಿರುವು ಸಾಕು. ಬಲ ಹಾಕಿ ಬಿಗಿದರೆ ಹೊಡೆತ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇದೆ, ಆದರೆ ಹಾಗೆ ಬಿಗಿದು ಬಿಗಿದು ಮರದೊಳಗಿನ ಸುರುಳಿ ಕಿತ್ತುಬಂದ, ಜಾಯಿಂಟ್‌ನ ಕಂಠ ಸೀಳಿದ ಕ್ಯೂಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಚ್ಚಿಟ್ಟಾಗ ಎರಡೂ ತುಂಡುಗಳಿಗೆ ಜಾಯಿಂಟ್ ಮುಚ್ಚಳ ಹಾಕುವುದು ಬರೀ ಅಲಂಕಾರವಲ್ಲ; ಮುಖಕ್ಕೆ ಕೊಳೆ ಸೇರದಂತೆ ಅದು ತಡೆಯುತ್ತದೆ, ಇನ್ನೊಂದು ಕಾರಣವೂ ಇದೆ.

ಆ ಕಾರಣ ತಿಳಿಯಬೇಕಾದರೆ ಮರ ಏಕೆ ಸೊಟ್ಟಗಾಗುತ್ತದೆ ಎಂಬುದನ್ನು ನೋಡಬೇಕು. ಮರ ಕಡಿದ ಎಷ್ಟೋ ವರ್ಷಗಳ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಅಡ್ಡಕ್ಕೆ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ; ಉದ್ದಕ್ಕೆ ಮಾತ್ರ ಹೆಚ್ಚೂಕಡಿಮೆ ಬದಲಾಗುವುದೇ ಇಲ್ಲ. ಮೇಪಲ್ ಮರದಲ್ಲಿ ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗುವಿಕೆಯ ಸುಮಾರು ಎರಡರಷ್ಟಿರುತ್ತದೆ. ಎಳೆಗಳು ಶಾಫ್ಟ್‌ನ ಉದ್ದಕ್ಕೂ ನೇರವಾಗಿ ಓಡಿದ್ದರೆ ಈ ಅಸಮತೆ ಬಾಗನ್ನು ಉಂಟುಮಾಡುವುದಿಲ್ಲ. ಎಳೆಗಳು ಓರೆಯಾಗಿ ಒಂದು ಪಕ್ಕಕ್ಕೆ ಹರಿದಿದ್ದರೆ ಒಂದು ಪಕ್ಕ ಇನ್ನೊಂದಕ್ಕಿಂತ ಹೆಚ್ಚು ಎಳೆದುಕೊಂಡು ಶಾಫ್ಟ್ ಬಾಗುತ್ತದೆ. ತೇವ ಎಲ್ಲಕ್ಕಿಂತ ವೇಗವಾಗಿ ಒಳಹೋಗುವುದು ಮರವನ್ನು ಅಡ್ಡಕ್ಕೆ ಕೊಯ್ದ ಮುಖದಿಂದ, ಅಂದರೆ ಜಾಯಿಂಟ್‌ನ ಕಡೆಯಿಂದ. ಮುಚ್ಚಳದ ಇನ್ನೊಂದು ಉಪಯೋಗ ಇದೇ.

ಗೋಡೆಗೆ ಒರಗಿಸಿದ್ದರಿಂದ ಸೊಟ್ಟಗಾಯಿತು ಎಂಬ ಮಾತಿನಲ್ಲಿ ಸತ್ಯವಿರುವುದು ಅರ್ಧ ಮಾತ್ರ. ನಿಮ್ಮ ಸರದಿ ಬರುವವರೆಗೆ ಹತ್ತು ನಿಮಿಷ ಒರಗಿಸಿಟ್ಟರೆ ಏನೂ ಆಗುವುದಿಲ್ಲ. ಅಲ್ಲಿ ಅಪಾಯವೆಂದರೆ ಕ್ಯೂ ಜಾರಿ ನೆಲಕ್ಕೆ ಬೀಳುವುದು. ನಿಮ್ಮ ನೆಗ್ಗು ಬಂದಿರುವುದೂ ಬಹುಶಃ ಹಾಗೆಯೇ. ತಿಂಗಳುಗಟ್ಟಲೆ ಓರೆಯಾಗಿ ಒರಗಿದ್ದು, ಜೊತೆಗೆ ತೇವವೂ ಏರಿಳಿಯುತ್ತಿದ್ದರೆ ಮರ ನಿಧಾನವಾಗಿ ಆ ಬಾಗನ್ನೇ ತನ್ನದಾಗಿಸಿಕೊಳ್ಳುತ್ತದೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ದಿಗಿಲು ಹುಟ್ಟಿಸಿದ್ದು ಗೋಡೆಯಲ್ಲ, ಕಾರಿನ ಡಿಕ್ಕಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅಷ್ಟು ಬಿಸಿಯಲ್ಲಿ ಮರ ಒಣಗಿ ಕುಗ್ಗುವುದಷ್ಟೇ ಅಲ್ಲ, ಟಿಪ್ಪನ್ನೂ ಫೆರೂಲನ್ನೂ (ಟಿಪ್‌ನ ಕೆಳಗೆ ಕೂರುವ ಬಳೆ) ಬಟ್‌ನ ಉಂಗುರಗಳನ್ನೂ ಹಿಡಿದಿರುವ ಅಂಟುಗಳೂ ಮೆತ್ತಗಾಗುತ್ತವೆ. ರಾತ್ರಿ ಅದೇ ಕ್ಯೂ ತಣ್ಣಗಿನ ತೇವದ ಗಾಳಿಯಲ್ಲಿರುತ್ತದೆ. ಮೂರು ವರ್ಷ ಇದನ್ನು ತಡೆದುಕೊಂಡಿದೆ ಎಂದರೆ ನಿಮ್ಮ ಶಾಫ್ಟ್‌ನ ಮರ ಒಳ್ಳೆಯದಿರಬೇಕು. ನೀವು ವಾಸಿಸುವ ಕೋಣೆಯಲ್ಲಿ, ಗಟ್ಟಿ ಪೆಟ್ಟಿಗೆಯೊಳಗೆ, ಬಿಸಿಲು ಬೀಳದ ಕಡೆ ಇಡಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 40ರಿಂದ 55ರ ನಡುವೆ ಇದ್ದರೆ ಬಹಳ ಒಳ್ಳೆಯದು, ಆದರೆ ಅಂಕಿಗಿಂತ ಮುಖ್ಯವಾದದ್ದು ಅದು ದಿಢೀರನೆ ಏರಿಳಿಯದಿರುವುದು. ಪೆಟ್ಟಿಗೆಯನ್ನು ಮಲಗಿಸಿಡುತ್ತೀರೋ ನಿಲ್ಲಿಸಿಡುತ್ತೀರೋ ಎಂಬುದು ಚರ್ಚೆಗೆ ಅರ್ಹವಾದ ವಿಷಯವೇ ಅಲ್ಲ.

ಜಾಯಿಂಟ್ ಚೊಕ್ಕಟ ಮಾಡಿದ ಮೇಲೂ ಶಾಫ್ಟ್ ಒಂಟಿಯಾಗಿಯೇ ಕುಣಿದರೆ ಅದು ನಿಜವಾದ ಬಾಗು. ಬಿಸಿ ಮಾಡಿ, ಹಬೆ ಕೊಟ್ಟು, ತೂಕ ನೇತುಹಾಕಿ ನೆಟ್ಟಗೆ ಮಾಡುವವರಿದ್ದಾರೆ. ಅದು ಸಾಧ್ಯವೂ ಹೌದು. ಆದರೆ ಬಾಗಿಗೆ ಕಾರಣವಾದ ಓರೆ ಎಳೆ ಮರದಲ್ಲಿ ಹಾಗೆಯೇ ಉಳಿದಿರುವುದರಿಂದ, ಹವೆ ಬದಲಾದೊಡನೆ ಬಹುಪಾಲು ಶಾಫ್ಟ್‌ಗಳು ಮತ್ತೆ ಹಳೆಯ ದಾರಿಗೇ ಮರಳುತ್ತವೆ, ನಡುವೆ ಫೆರೂಲ್ ಸಡಿಲವಾಗುವ ಅಪಾಯ ಬೇರೆ. ಲೇಥ್‌ಗೆ ಹಾಕಿ ಬಾಗನ್ನು ಕಡೆದುಹಾಕುವುದು ಎರಡನೆಯ ದಾರಿ. ಅದರಿಂದ ಶಾಫ್ಟ್ ನೆಟ್ಟಗಾದರೂ ತೆಳ್ಳಗಾಗುತ್ತದೆ, ನೀವು ಒಗ್ಗಿಕೊಂಡ ಹೊಡೆತ ಉಳಿಯುವುದಿಲ್ಲ. ಮೂರನೆಯದು ಅದೇ ಬಟ್‌ಗೆ ಹೊಂದುವ ಹೊಸ ಶಾಫ್ಟ್ ಕೊಳ್ಳುವುದು; ಪಿನ್ನಿನ ಅಳತೆಯೂ ಸುರುಳಿಯೂ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಬಟ್ಟನ್ನು ಜೊತೆಗೊಯ್ದು ಕೂರಿಸಿ ನೋಡಿಯೇ ಕೊಳ್ಳಬೇಕು. ನಾಲ್ಕನೆಯದು, ಏನೂ ಮಾಡದಿರುವುದು. ಒಂದೆರಡು ಮಿಲಿಮೀಟರ್ ಬಾಗಿದ್ದರೆ ನಾನು ಈ ನಾಲ್ಕನೆಯದನ್ನೇ ಹೇಳುತ್ತೇನೆ. ಟಿಪ್ ಚೆಂಡನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಹೊತ್ತು. ಆ ಹೊತ್ತಿನಲ್ಲಿ ಟಿಪ್ ಎಲ್ಲಿದೆ, ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದರ ಮುಂದೆ ಶಾಫ್ಟ್‌ನ ನಡುವಿನ ಸಣ್ಣ ಬಾಗು ಲೆಕ್ಕಕ್ಕೆ ಬರುವುದು ಕಡಿಮೆ. ಅದು ಕಾಡುವುದು ಹೆಚ್ಚಾಗಿ ಗುರಿ ಹಿಡಿಯುವ ಕಣ್ಣನ್ನು.

ಇನ್ನು ಕೊಳೆ. ನಿಮ್ಮ ಶಾಫ್ಟ್‌ಗೆ ಅಂಟಿಕೊಂಡಿರುವುದು ಬೆವರು, ಚರ್ಮದ ಜಿಡ್ಡು ಮತ್ತು ಚಾಕ್ ಸೇರಿ ಆದ ಲೇಪ. ಚಾಕ್ ಎಂದು ಕರೆದರೂ ಇದು ಸೀಮೆಸುಣ್ಣವಲ್ಲ. ಹಿಂದೆ ಸೀಮೆಸುಣ್ಣವನ್ನೇ ಬಳಸುತ್ತಿದ್ದರು. ಅಮೆರಿಕದ ಬಿಲಿಯರ್ಡ್ಸ್ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನ ತಜ್ಞ ವಿಲಿಯಂ ಹಾಸ್ಕಿನ್ಸ್ ಸೇರಿ 1897ರಲ್ಲಿ ಪೇಟೆಂಟ್ ಪಡೆದ ಹೊಸ ಚಾಕ್, ಸಿಲಿಕಾ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ನಂಥ ಗರಸು ಪುಡಿಗಳ ಮಿಶ್ರಣವಾಗಿತ್ತು. ಇಂದಿನ ಚಾಕ್ ಅದೇ ಕುಲದ್ದು. ಗರಸಾಗಿರುವುದರಿಂದಲೇ ಅದು ಟಿಪ್ ಜಾರದಂತೆ ಹಿಡಿಯುತ್ತದೆ, ಅದೇ ಕಾರಣಕ್ಕೆ ಮರದ ರಂಧ್ರಗಳಲ್ಲಿ ಬಿಗಿಯಾಗಿ ಕೂರುತ್ತದೆ.

ಉಪ್ಪುಕಾಗದದಿಂದ ಈ ಕೊಳೆ ಹೋಗುವುದು ನಿಜ, ಆದರೆ ಅದು ಹೋಗುವುದು ಕೊಳೆ ಕೂತಿರುವ ಮರದ ಸಮೇತ. ಕೋಲಿನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಹಾಗಾಗಿ 13 ಮಿ.ಮೀ. ಇದ್ದ ಶಾಫ್ಟ್ ಉಜ್ಜಿ ಉಜ್ಜಿ 12.5 ಮಿ.ಮೀ.ಗೆ ಬಂದರೆ, ಕಳೆದುಹೋದದ್ದು ಅರ್ಧ ಮಿಲಿಮೀಟರ್ ಆದರೂ ಆ ಜಾಗದ ಬಿಗಿತ ಶೇ. 15ರಷ್ಟು ಇಳಿದಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಕೈಯಿಂದ ಉಜ್ಜುವಾಗ ಯಾರೂ ಸಮನಾಗಿ ಉಜ್ಜುವುದಿಲ್ಲ. ಸೇತುವೆಗೈಯಲ್ಲಿ, ಅಂದರೆ ಶಾಫ್ಟ್‌ನ ಮುಂಭಾಗಕ್ಕೆ ಆಸರೆ ಕೊಡುವ ಕೈಯಲ್ಲಿ, ಓಡಾಡುವ ಜಾಗವೇ ಹೆಚ್ಚು ಕೊಳೆಯಾಗುವುದರಿಂದ ಅಲ್ಲೇ ಹೆಚ್ಚು ಸವೆದು, ಫೆರೂಲ್‌ನ ಕೆಳಗೆ ಶಾಫ್ಟ್‌ಗೆ ಸೊಂಟ ಮೂಡುತ್ತದೆ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಂದು ಒಳ್ಳೆಯ ಶಾಫ್ಟ್‌ಗೆ ಹೀಗೆ ಸೊಂಟ ಮೂಡಿಸಿ, ಮಾಲೀಕರಿಗೆ ಬೇರೆ ಶಾಫ್ಟ್ ಕೊಡಬೇಕಾಗಿ ಬಂದಿತ್ತು. ಆಮೇಲೆ ಅಳತೆಯ ಕ್ಯಾಲಿಪರ್ ಕೈಯಲ್ಲಿಲ್ಲದೆ ಶಾಫ್ಟನ್ನು ಮುಟ್ಟಿದ್ದಿಲ್ಲ.

ಎಣ್ಣೆಯ ವಿಷಯ ಇನ್ನೂ ಸುಲಭ: ಬೇಡ. ಅಡುಗೆಯ ಎಣ್ಣೆಗಳು ಮರದೊಳಗೆ ಒಣಗುವುದಿಲ್ಲ, ಹೊಸ ಚಾಕನ್ನೂ ಬೆವರನ್ನೂ ಕರೆದು ಕೂರಿಸಿಕೊಳ್ಳುತ್ತವೆ. ಪೀಠೋಪಕರಣಗಳಿಗೆ ಬಳಸುವ ಪಾಲಿಶ್ ಮೊದಲ ದಿನ ನುಣುಪಾಗಿ ಕಂಡು ವಾರದೊಳಗೆ ಜಿಗುಟಾಗುತ್ತದೆ; ಅದರಲ್ಲಿ ಸಿಲಿಕೋನ್ ಇದ್ದರೆ ಮುಂದೆ ಆ ಮರದ ಮೇಲೆ ಮೆರುಗು ಹಿಡಿಸುವುದೂ ಕಷ್ಟ.

ಸರಿಯಾದ ಕ್ರಮ ಸಪ್ಪೆಯೆನಿಸುವಷ್ಟು ಸರಳ. ಮೊದಲು ಒಣ ಬಟ್ಟೆಯಿಂದ ಒರೆಸಿ. ಆಮೇಲೆ ಮೃದುವಾದ ಹತ್ತಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ತೊಟ್ಟಿಕ್ಕದಷ್ಟು ಹಿಂಡಿ, ಶಾಫ್ಟ್‌ನ ಉದ್ದಕ್ಕೆ ಎಳೆಯ ಗುಂಟ ಎಳೆಯಿರಿ. ಬಟ್ಟೆಗೆ ನೀಲಿ ಬರುತ್ತಿರುವವರೆಗೆ ಮಗ್ಗುಲು ಬದಲಿಸುತ್ತಾ ಹೋಗಿ. ತಯಾರಕರು ಹಚ್ಚಿದ ಮೆರುಗು ಇನ್ನೂ ಗಟ್ಟಿಯಾಗಿರುವ ಜಾಯಿಂಟ್‌ನ ಕಡೆಯ ಭಾಗಕ್ಕೂ ಬಟ್‌ಗೂ ಆಲ್ಕೋಹಾಲ್ ತಾಗಿಸಬೇಡಿ, ಕೆಲವು ಬಗೆಯ ವಾರ್ನಿಶ್ ಅದಕ್ಕೆ ಕರಗುತ್ತದೆ. ಅಲ್ಲಿಗೆ ಒದ್ದೆ ಬಟ್ಟೆ ಸಾಕು. ಹಟಮಾರಿ ಕಲೆಗಳಿಗೆ ಮೆಲಮೈನ್ ಸ್ಪಂಜನ್ನು ತೇವ ಮಾಡಿ ಹಗುರವಾಗಿ ಬಳಸಬಹುದು. ಅದೂ ಅತಿ ನುಣುಪಾದ ಉಪ್ಪುಕಾಗದವೇ ಎಂಬುದು ನೆನಪಿರಲಿ, ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಡ. ಕೊನೆಗೆ ಒಂದು ತುಂಡು ಚರ್ಮವನ್ನು ಶಾಫ್ಟ್‌ಗೆ ಸುತ್ತಿ, ಅಂಗೈಗೆ ಬಿಸಿ ತಟ್ಟುವವರೆಗೆ ಬಿರುಸಾಗಿ ಉಜ್ಜಿ. ಆ ಬಿಸಿಯೇ ಮೇಲೆದ್ದ ಎಳೆಗಳನ್ನು ಮಲಗಿಸುತ್ತದೆ. ಬೇಕೆನಿಸಿದರೆ ಕಾರ್ನೌಬಾ ಮೇಣವನ್ನು ತೆಳುವಾಗಿ ಹಚ್ಚಿ, ಪೂರ್ತಿ ಒರೆಸಿ ತೆಗೆಯಬಹುದು. ಶಾಫ್ಟ್‌ನ ಬಣ್ಣ ಮೊದಲಿನ ಬಿಳುಪಿಗೆ ಬರಲಿಲ್ಲವೆಂದು ಬೇಸರಪಡಬೇಡಿ. ಮರ ವಯಸ್ಸಿಗೆ ತಕ್ಕಂತೆ ಕಂದುತ್ತದೆ, ನಯವಾಗಿದ್ದರೆ ಸಾಕು. ಕೈಗೆ ಪೌಡರ್ ಹಾಕುವ ಅಭ್ಯಾಸವಿದ್ದರೆ ಬಿಡಿ; ಅದು ಬೆವರಿನೊಡನೆ ಸೇರಿ ಇನ್ನೊಂದು ಲೇಪವಾಗುತ್ತದೆ, ಮೇಜಿನ ಬಟ್ಟೆಯೂ ಹಾಳು. ಕೈ ತೊಳೆದು ಆಡುವುದು, ಅಥವಾ ಮೂರು ಬೆರಳಿನ ಗ್ಲೌಸ್ ಹಾಕುವುದು ಉತ್ತಮ.

ನೆಗ್ಗಿನ ಬಗ್ಗೆ ಹೇಳುವುದಾದರೆ, ಉಗುರಿನಿಂದ ಅದರ ಮೇಲೆ ಅಡ್ಡಡ್ಡ ಸವರಿ ನೋಡಿ. ಅಂಚು ಉರುಟಾಗಿದ್ದರೆ ಎಳೆಗಳು ಒತ್ತಿಕೊಂಡಿವೆ ಅಷ್ಟೇ. ಉಗುರು ಸಿಕ್ಕಿಕೊಂಡರೆ ಎಳೆಗಳು ಕತ್ತರಿಸಿವೆ. ಒತ್ತಿಕೊಂಡ ಎಳೆ ನೀರು ಕುಡಿದರೆ ಮತ್ತೆ ಉಬ್ಬಿ ಮೇಲೇಳುತ್ತದೆ. ಹತ್ತಿಯ ತುಂಡನ್ನು ಕಡಲೆಕಾಳಿನಷ್ಟು ಮಾಡಿ, ಒದ್ದೆ ಮಾಡಿ, ನೆಗ್ಗಿನ ಮೇಲೆ ಮಾತ್ರ ಹತ್ತು ಹದಿನೈದು ನಿಮಿಷ ಇಡಿ. ತೆಗೆದ ಮೇಲೆ ಒಂದು ರಾತ್ರಿ ಒಣಗಲು ಬಿಟ್ಟು, ಎದ್ದಿರುವ ಜಾಗವನ್ನು ಗಾಜಿನ ಕಡ್ಡಿಯಿಂದಲೋ ಚರ್ಮದಿಂದಲೋ ಉಜ್ಜಿ ಮಲಗಿಸಿ. ಒಂದೇ ಸಲಕ್ಕೆ ಪೂರ್ತಿ ಏಳದಿದ್ದರೆ ಮರುದಿನ ಮತ್ತೊಮ್ಮೆ ಮಾಡಿ. ಇಸ್ತ್ರಿಪೆಟ್ಟಿಗೆಯ ಹಬೆ ಹೆಚ್ಚು ಬೇಗ ಕೆಲಸ ಮಾಡುತ್ತದೆ, ಆದರೆ ಫೆರೂಲ್‌ನ ಹತ್ತಿರದಲ್ಲಿ ಅದು ಅಂಟನ್ನು ಬಿಡಿಸಬಹುದು. ಎಳೆ ಕತ್ತರಿಸಿದ ಗಾಯವನ್ನು ನೀರು ಮಾಯಿಸುವುದಿಲ್ಲ. ಅದನ್ನು ದುರಸ್ತಿಗಾರರು ಅಂಟು ತುಂಬಿ ಸಮ ಮಾಡಬೇಕಾಗುತ್ತದೆ.

ಮಿಸ್‌ಕ್ಯೂಗೆ ಕಾರಣ ಬಹುತೇಕ ಟಿಪ್‌ನಲ್ಲೇ ಇದೆ, ಆದರೆ ಹೊಡೆತವನ್ನೂ ಒಮ್ಮೆ ವಿಚಾರಿಸಿಕೊಳ್ಳಿ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ.; ಅದರ ನಡುಬಿಂದುವಿನಿಂದ ತ್ರಿಜ್ಯದ ಅರ್ಧದಷ್ಟು, ಅಂದರೆ 14 ಮಿ.ಮೀ.ಗಿಂತ ಆಚೆಗೆ ಹೊಡೆದರೆ ಎಂಥ ಟಿಪ್ ಆದರೂ ಜಾರುವ ಸಂಭವ ಹೆಚ್ಚು. ಅದರೊಳಗೆ ಹೊಡೆದೂ ಜಾರುತ್ತಿದ್ದರೆ ಟಿಪ್ಪನ್ನು ದೀಪಕ್ಕೆ ಹಿಡಿದು ನೋಡಿ. ಬೂಟಿನ ಹೊಳಪಿನಂತೆ ಮಿನುಗುತ್ತಿದ್ದರೆ ಚರ್ಮದ ಮೇಲ್ಪದರ ಬಡಿತಕ್ಕೆ ಗಟ್ಟಿಯಾಗಿದೆ, ಚಾಕ್ ಅದರ ಮೇಲೆ ನಿಲ್ಲುತ್ತಿಲ್ಲ. ಟಿಪ್ ಉಜ್ಜುವ ಸಾಧನದಿಂದ ನಾಲ್ಕಾರು ಸಲ ಹಗುರವಾಗಿ ಒತ್ತಿ ಮೇಲ್ಮೈಯನ್ನು ಒರಟು ಮಾಡಿದರೆ ಸಾಕು. ದಿನವೂ ಉಜ್ಜುವವರು ಟಿಪ್ಪನ್ನು ಆಡಿ ಸವೆಸುವುದಕ್ಕಿಂತ ಉಜ್ಜಿಯೇ ಸವೆಸುತ್ತಾರೆ. ನೆತ್ತಿ ಚಪ್ಪಟೆಯಾಗಿದ್ದರೆ ಮತ್ತೆ ಗುಂಡಗೆ ಮಾಡಬೇಕು. ಅಂಚು ಅಣಬೆಯಂತೆ ಫೆರೂಲ್‌ನಿಂದ ಹೊರಗೆ ಚಾಚಿದ್ದರೆ ಅದನ್ನು ಕತ್ತರಿಸಿ ಸಮ ಮಾಡಿಸಬೇಕು. ಅಂಚಿನ ಬಳಿ ಚರ್ಮ ಒಂದು ಮಿಲಿಮೀಟರ್‌ಗಿಂತ ಕಡಿಮೆ ಉಳಿದಿದ್ದರೆ, ಅಥವಾ ಹೊಡೆದಾಗ ಮೊದಲಿಲ್ಲದ ಟಕ್ ಎಂಬ ಒಡಕು ಸದ್ದು ಬರುತ್ತಿದ್ದರೆ ಟಿಪ್ ಬದಲಿಸುವ ಕಾಲ ಬಂದಿದೆ. ಆ ಸದ್ದು ಬಿರುಕುಬಿಟ್ಟ ಫೆರೂಲ್‌ನದೂ ಆಗಿರಬಹುದು, ಬದಲಿಸುವಾಗ ಅದನ್ನೂ ನೋಡಿಸಿ. ಹೊಸ ಟಿಪ್ ಕೂರಿಸುವುದನ್ನು ನೀವೇ ಕಲಿಯಬಹುದು, ಆದರೆ ಮೊದಲ ಸಲ ಬ್ಲೇಡು ಜಾರಿ ಫೆರೂಲ್‌ಗೆ ಗಾಯ ಮಾಡದವರು ಅಪರೂಪ. ಹಳೆಯ ಶಾಫ್ಟ್ ಯಾವುದಾದರೂ ಇದ್ದರೆ ಅದರ ಮೇಲೆ ಕೈ ಪಳಗಿಸಿಕೊಳ್ಳಿ.

ಚಾಕ್ ಹಚ್ಚುವ ರೀತಿಯನ್ನೂ ಗಮನಿಸಿ. ಗುಳಿ ಬಿದ್ದ ಚಾಕ್‌ನೊಳಗೆ ಟಿಪ್ಪನ್ನು ಇಟ್ಟು ಗಿರಗಿರನೆ ತಿರುಗಿಸಿದರೆ ಅಂಚಿಗೆ ಸಿಗುವುದಕ್ಕಿಂತ ಫೆರೂಲ್‌ಗೆ ಸಿಗುವುದೇ ಹೆಚ್ಚು. ಕುಂಚದಿಂದ ಬಣ್ಣ ಬಳಿದಂತೆ ಅಂಚಿನಿಂದ ಅಂಚಿಗೆ ಸವರಿ. ಬ್ರೇಕ್ (ಆಟದ ಆರಂಭದಲ್ಲಿ ಚೆಂಡುಗಳ ಗುಂಪನ್ನು ಚದುರಿಸುವ ಬಲವಾದ ಹೊಡೆತ) ಹೊಡೆಯಲು ಇದೇ ಕ್ಯೂವನ್ನು ಬಳಸುತ್ತಿದ್ದರೆ ಅದಕ್ಕೆಂದೇ ಒಂದು ಸಾಧಾರಣ ಕ್ಯೂ ಇಟ್ಟುಕೊಳ್ಳಿ, ಟಿಪ್ ಗಟ್ಟಿಯಾಗಿ ಚಪ್ಪಟೆಯಾಗುವುದರಲ್ಲಿ ಬ್ರೇಕ್ ಹೊಡೆತದ ಪಾಲು ದೊಡ್ಡದು.

ಹೊಸ ಕ್ಯೂ ಕೊಳ್ಳಬೇಕೆ ಎಂದು ಕೇಳಿದ್ದೀರಿ. ನೀವು ಹೇಳಿದ ಲಕ್ಷಣಗಳಿಗೆ ಅದು ಬೇಕಾಗುವುದಿಲ್ಲ. ಕಾರ್ಬನ್ ಫೈಬರ್ ಶಾಫ್ಟ್ ಕೊಂಡರೆ ತೇವದ ಚಿಂತೆ ತಪ್ಪುತ್ತದೆ ಎಂಬುದು ನಿಜ, ಅದು ಗಾಳಿಯ ತೇವಕ್ಕೆ ಬಾಗುವುದಿಲ್ಲ, ಒರೆಸಿದರೆ ಸಾಕು. ಆದರೆ ಅದರ ಟಿಪ್ ಚರ್ಮದ್ದೇ, ಅದನ್ನು ಹಿಡಿದಿರುವುದು ಅಂಟೇ. ಕಾರಿನ ಡಿಕ್ಕಿ ಅದಕ್ಕೂ ಹೇಳಿದ ಜಾಗವಲ್ಲ. ಹೊಡೆತದ ಸದ್ದೂ ಕೈಗೆ ಬರುವ ಅನುಭವವೂ ಬೇರೆಯಾಗಿರುವುದರಿಂದ ಯಾರದಾದರೂ ಶಾಫ್ಟ್ ಪಡೆದು ಒಂದೆರಡು ಸಂಜೆ ಆಡಿ ನೋಡಿ ನಿರ್ಧರಿಸಿ.

ಈ ವಾರ ಜಾಯಿಂಟ್ ಚೊಕ್ಕಟ ಮಾಡಿ, ಎರಡೂ ತುಂಡುಗಳನ್ನು ಬೇರೆ ಬೇರೆ ಉರುಳಿಸಿ ನೋಡಿ. ಶಾಫ್ಟ್‌ನಲ್ಲೇ ಸಣ್ಣ ಬಾಗು ಕಂಡುಬಂದರೆ, ಬಾಗು ಮೇಲ್ಮುಖವಾಗಿ ನಿಲ್ಲುವಂತೆ ಹಿಡಿದು ಬಟ್‌ನ ನೆತ್ತಿಯಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡಿ. ಪ್ರತಿ ಹೊಡೆತಕ್ಕೂ ಚುಕ್ಕೆ ಮೇಲಿರುವಂತೆ ಹಿಡಿದರೆ ಬಾಗು ಎಡಬಲಕ್ಕೆ ಕಾಣದು, ಕಣ್ಣಿಗೆ ಗೆರೆ ನೇರವಾಗಿಯೇ ಇರುತ್ತದೆ. ಎರಡು ತಿಂಗಳು ಬಿಟ್ಟು ಮತ್ತೆ ಉರುಳಿಸಿ ನೋಡಿ. ಬಾಗು ಅಷ್ಟೇ ಇದ್ದರೆ ಅದೇ ಶಾಫ್ಟ್‌ನಲ್ಲಿ ಆಡುತ್ತಿರಿ, ಹೆಚ್ಚಾಗಿದ್ದರೆ ಬಟ್ಟನ್ನು ಹಿಡಿದುಕೊಂಡು ಹೊಸ ಶಾಫ್ಟ್ ಹುಡುಕಲು ಹೊರಡಿ.